ಕೆಂಗೇರಿ ಕೋಟೆ ಕೆಡವಿಸಿದ ದೊರೆ

ಕೆಂಗೇರಿ ಉಪನಗರದಲ್ಲಿ ಬೆಳಿಗ್ಗೆ ಬಸ್ಸಿಗೆ ಕಾಯುವ ಜನರನ್ನು ಇಲ್ಲಿ ಕೋಟೆ ಎಲ್ಲಿತ್ತು ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ಮುಖ ಮುಖ ನೋಡುತ್ತಾರೆ. ಕೆಂಗೇರಿಗೂ ಕೋಟೆಗೂ ಏನು ಸಂಬಂಧ ಅಂತ ತಿರುಗಿ ಕೇಳುವವರೇ ಜಾಸ್ತಿ.

ಸಂಬಂಧ ಇದೆ. ಕೆಂಗೇರಿಗೆ ಒಂದು ಕೋಟೆ ಇತ್ತು. ಅದನ್ನು ಶತ್ರು ಒಡೆಯಲಿಲ್ಲ, ಮಳೆಗಾಳಿಗೆ ಅದು ಬೀಳಲಿಲ್ಲ. ಊರು ಯಾರ ರಾಜ್ಯಕ್ಕೆ ಸೇರಿತ್ತೋ ಅವನೇ, ಮೈಸೂರಿನ ಟಿಪ್ಪು ಸುಲ್ತಾನನೇ, 1791ರಲ್ಲಿ ಕೆಡವಿಸಿದ. ಇಂಗ್ಲಿಷರ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನ ಮೇಲೆ ದಂಡೆತ್ತಿ ಬಂದಿದ್ದ. ಕೋಟೆ ಅವನ ಕೈಗೆ ಸಿಕ್ಕರೆ ಮೈಸೂರು ದಾರಿಯಲ್ಲಿ ಠಾಣ್ಯ ಹಾಕಿ ಕೂರುತ್ತಾನೆ ಎಂಬ ಭಯ.

ತನ್ನ ಕೋಟೆಯನ್ನು ತಾನೇ ಕೆಡವಿಸುವ ಗತಿ ಆ ದೊರೆಗೆ ಯಾಕೆ ಬಂತು? ಜಗತ್ತಿನಲ್ಲೇ ಹೆಸರಾದ ಬಾಣದ ಪಡೆ ಇಟ್ಟಿದ್ದವನು, ಫ್ರೆಂಚರ ಕೋವಿಗೆ ಸರಿಸಮನಾದ ಕೋವಿಯನ್ನು ತನ್ನ ಊರಿನಲ್ಲೇ ಮಾಡಿಸಿದವನು ಕೊನೆಗೆ ಸೋತದ್ದಾದರೂ ಹೇಗೆ? ಈ ಲೆಕ್ಕ ಬಿಡಿಸಬೇಕಾದರೆ ಅವನ ಜೀವನವನ್ನೇ ಒಂದು ಸುತ್ತು ಹಾಕಿ ಬರಬೇಕು.

ತಾತನ ಕಾಲದ ಬಾಣ

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಅಪ್ಪ ಹೈದರಾಲಿ, ತಾಯಿ ಫಕ್ರುನ್ನೀಸಾ. ತಾತ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಬಳಿ ಐವತ್ತು ಜನ ಬಾಣಗಾರರ ಮುಖಂಡನಾಗಿದ್ದ. ಬಾಣ ಅಂದರೆ ಬಿಲ್ಲಿನ ಬಾಣ ಅಲ್ಲ. ಜಾತ್ರೆಯಲ್ಲಿ ಹಾರಿಸುವ ಬಾಣಬಿರುಸಿನ ದೊಡ್ಡಣ್ಣ, ಈಗಿನವರು ರಾಕೆಟ್ ಎನ್ನುವ ಸಾಮಾನು. ಹಾಗಾಗಿ ಟಿಪ್ಪುವಿಗೆ ಮದ್ದಿನ ವಾಸನೆ ಮನೆತನದಿಂದಲೇ ಬಂದದ್ದು.

ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ತನಗಿಲ್ಲದ್ದು ಮಗನಿಗಿರಲಿ ಅಂತ ಮೌಲ್ವಿಗಳನ್ನಿಟ್ಟು ಓದಿಸಿದ. ಯುದ್ಧವಿದ್ಯೆ ಕಲಿಸಲು ಗಾಜಿ ಖಾನ್ ಎಂಬ ಸರದಾರನನ್ನು ನೇಮಿಸಿದ. ಹದಿನೇಳರ ಹುಡುಗ 1767ರಲ್ಲಿ ಕುದುರೆ ಪಡೆ ಕಟ್ಟಿಕೊಂಡು ಮದರಾಸಿನ ಹೊರವಲಯಕ್ಕೇ ನುಗ್ಗಿ ಬಂದ. ಎರಡು ವರ್ಷ ಕಳೆದು ಹೈದರ್ ತಾನೇ ಮದರಾಸಿನ ಬಾಗಿಲಿಗೆ ಹೋಗಿ ನಿಂತಾಗ ಕುಂಪಣಿಯವರು ಬಾಯಿ ಮುಚ್ಚಿಕೊಂಡು ಕರಾರಿಗೆ ರುಜು ಹಾಕಿದರು. ಕುದುರೆ ವೇಗವಾಗಿ ಓಡಿದರೆ ಫಿರಂಗಿ ಇದ್ದವನೂ ಬೆದರುತ್ತಾನೆ ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ಈ ಪಾಠ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಚಕಮಕಿ ಕೋವಿಯ ಕಷ್ಟ

ಆ ಕಾಲದ ಕೋವಿ ಇವತ್ತಿನ ಸಿನಿಮಾದಲ್ಲಿ ಕಾಣುವ ಹಾಗೆ ಢಮಾರ್ ಢಮಾರ್ ಅಂತ ಸಾಲಾಗಿ ಹಾರುತ್ತಿರಲಿಲ್ಲ. ಮೊದಲು ಇದ್ದದ್ದು ಉರಿಯುವ ಬತ್ತಿ ತಾಗಿಸಿ ಹೊಡೆಯುವ ಜಾಮಗಿ ಬಂದೂಕು. ಆಮೇಲೆ ಬಂದದ್ದು ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಮಸ್ಕೆಟ್ ಕೋವಿ. ಸಿಪಾಯಿ ಮದ್ದಿನ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಚಿಟಿಕೆ ಮದ್ದನ್ನು ಕಿಡಿ ಬೀಳುವ ಕಡೆ ಇಡಬೇಕು, ಉಳಿದದ್ದನ್ನು ಕೋವಿಯ ಬಾಯಿಗೆ ಸುರಿಯಬೇಕು. ಸೀಸದ ಗುಂಡು ಹಾಕಿ ಗಜದಿಂದ ಜಡಿಯಬೇಕು. ಚೆನ್ನಾಗಿ ಪಳಗಿದವನು ಇಷ್ಟೆಲ್ಲ ಮಾಡಿ ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು ಗುಂಡು ಹಾರಿಸುತ್ತಿದ್ದ. ನೂರು ಗಜ ದಾಟಿದರೆ ಗುಂಡು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಮಳೆ ಬಂದರಂತೂ ಮದ್ದು ತೋಯ್ದು ಕೋವಿ ಬರೀ ದೊಣ್ಣೆ.

ಅದಕ್ಕೇ ಆಗಿನ ಯುದ್ಧದಲ್ಲಿ ಸಿಪಾಯಿಗಳು ಮರದ ಮರೆಯಲ್ಲಿ ಅವಿತು ಗುರಿಯಿಟ್ಟು ಹೊಡೆಯುತ್ತಿರಲಿಲ್ಲ. ಭುಜಕ್ಕೆ ಭುಜ ತಾಗಿಸಿ ಗೋಡೆ ಹಾಗೆ ನಿಂತು ಒಟ್ಟಿಗೆ ಗುಂಡು ಸುರಿಸಬೇಕು. ಆಮೇಲೆ ಕೋವಿಯ ತುದಿಗೆ ಸಿಕ್ಕಿಸಿದ ಬಯೋನೆಟ್ ಹಿಡಿದು ನುಗ್ಗಬೇಕು. ಪಕ್ಕದವನು ಬಿದ್ದರೂ ಸಾಲು ಮುರಿಯಕೂಡದು. ಇಂಗ್ಲಿಷರ ಬಲವೆಲ್ಲ ಇದ್ದದ್ದು ಆ ಕವಾಯತಿನಲ್ಲಿ.

ಒಳಗೆ ಸುರುಳಿ ಗೀರು ಕೊರೆದ ರೈಫಲ್ ಆಗಲೇ ಇತ್ತು, ದೂರಕ್ಕೂ ಗುರಿ ತಪ್ಪುತ್ತಿರಲಿಲ್ಲ. ಆದರೆ ಗುಂಡು ಬಿಗಿಯಾಗಿ ಕೂರಬೇಕಾದ್ದರಿಂದ ತುಂಬಲು ತಡ. ಬೇಟೆಗಾರರಿಗೆ ಸರಿ, ದಂಡಿಗೆ ಆಗದು. 1857ರ ದಂಗೆಗೆ ನೆಪವಾದ ಎನ್‌ಫೀಲ್ಡ್ ರೈಫಲ್ ಬರುವ ಹೊತ್ತಿಗೆ ಟಿಪ್ಪು ಸತ್ತು ಐವತ್ತು ವರ್ಷ ಮೀರಿತ್ತು.

ಈ ಕವಾಯತಿನ ಗುಟ್ಟನ್ನು ಹೈದರ್, ಟಿಪ್ಪು ಇಬ್ಬರೂ ಬೇಗ ಅರ್ಥ ಮಾಡಿಕೊಂಡರು. ಫ್ರೆಂಚರನ್ನಿಟ್ಟುಕೊಂಡು ಸಿಪಾಯಿಗಳಿಗೆ ಸಾಲು ಹಿಡಿಯೋದು ಕಲಿಸಿದರು. ಕೋವಿಯನ್ನು ಹೊರಗಿನಿಂದ ಕೊಳ್ಳುತ್ತಾ ಕೂತರೆ ಆಗದು ಅಂತ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ಕಾರ್ಖಾನೆ ನಡೆಸಿದರು. ಟಿಪ್ಪುವಿನ ಕೋವಿ, ಕತ್ತಿ, ಫಿರಂಗಿಗಳ ಮೇಲೆಲ್ಲ ಹುಲಿಯ ಪಟ್ಟೆ. ಇವತ್ತು ಅಂಥ ಒಂದು ಕೋವಿ ವಿದೇಶದಲ್ಲಿ ಹರಾಜಿಗೆ ಬಂದರೆ ಲಕ್ಷ ಲಕ್ಷ ರೂಪಾಯಿ!

ಕಬ್ಬಿಣದ ಕೊಳವೆ, ಬಿದಿರಿನ ಬಾಲ

ಇನ್ನು ಬಾಣದ ವಿಷಯ. ಬಾಣ ಬೇರೆ ದೇಶಗಳಲ್ಲೂ ಇತ್ತು, ಆದರೆ ಕೊಳವೆ ಕಾಗದದ್ದು ಅಥವಾ ಬಿದಿರಿನದು. ಜೋರಾಗಿ ಮದ್ದು ತುಂಬಿದರೆ ಸಿಡಿದು ಹಾರಿಸಿದವನ ಮೇಲೇ ಬೀಳುತ್ತಿತ್ತು. ಮೈಸೂರಿನ ಕಮ್ಮಾರರು ಮಾಡಿದ ಹೊಸ ಕೆಲಸ ಎಂದರೆ ಕಬ್ಬಿಣ ಬಡಿದು ಕೊಳವೆ ಮಾಡಿದ್ದು. ಸುಮಾರು ಒಂದು ಗೇಣು ಉದ್ದದ ಕೊಳವೆ, ಒಳಗೆ ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮದ್ದು, ಹಿಂದೆ ಆಳುದ್ದದ ಬಿದಿರಿನ ಕೋಲು. ಕೆಲವಕ್ಕೆ ಬಿದಿರಿನ ಬದಲು ಕತ್ತಿಯ ಅಲಗು ಕಟ್ಟುತ್ತಿದ್ದರು. ಕಬ್ಬಿಣದ ಒಳಗೆ ಒತ್ತಡ ತಡೆಯುವುದರಿಂದ ಬಾಣ ಒಂದು ಕಿಲೋಮೀಟರಿನಷ್ಟು, ಕೆಲವು ಅದಕ್ಕಿಂತ ದೂರವೂ ಹೋಗುತ್ತಿದ್ದವು. ಮಸ್ಕೆಟಿನ ನೂರು ಗಜ ಎಲ್ಲಿ, ಇದೆಲ್ಲಿ!

ಗುರಿ ಅಷ್ಟಕ್ಕಷ್ಟೇ ನಿಜ. ಆದರೆ ನೂರಾರು ಬಾಣ ಒಮ್ಮೆಗೇ ಹೊಗೆಯುಗುಳುತ್ತಾ ನೆಲ ಸವರಿಕೊಂಡು ಬಂದರೆ ಕುದುರೆ ನಿಲ್ಲುತ್ತದೆಯೇ, ಎತ್ತು ನಿಲ್ಲುತ್ತದೆಯೇ? ಗೋಡೆ ಹಾಗೆ ನಿಂತ ಸಾಲಿಗೆ ನುಗ್ಗಿದರಂತೂ ಕೇಳುವುದೇ ಬೇಡ. ಟಿಪ್ಪು ತನ್ನ ಪಡೆಯನ್ನು ಕುಶೂನ್ ಎಂಬ ದಳಗಳಾಗಿ ವಿಂಗಡಿಸಿ ಒಂದೊಂದಕ್ಕೂ ಸುಮಾರು 200 ಬಾಣಗಾರರನ್ನು ಕೊಟ್ಟ. ಯಾರು ಎಲ್ಲಿ ನಿಲ್ಲಬೇಕು, ಹೇಗೆ ಹಾರಿಸಬೇಕು ಎಂಬುದಕ್ಕೆಲ್ಲ ಫತೂಲ್ ಮುಜಾಹಿದೀನ್ ಎಂಬ ಕೈಪಿಡಿಯನ್ನೇ ಬರೆಸಿದ. ಬೆಂಗಳೂರಿನ ಸಿಟಿ ಮಾರುಕಟ್ಟೆ ಹತ್ತಿರದ ತಾರಾಮಂಡಲಪೇಟೆಗೆ ಆ ಹೆಸರು ಬಂದದ್ದು ಈ ಬಾಣಗಳಿಂದಲೇ ಅಂತ ಪ್ರತೀತಿ.

ಪೊಳ್ಳಿಲೂರಿನ ದಿನ

ಬಾಣದ ಬಿಸಿ ಇಂಗ್ಲಿಷರಿಗೆ ತಟ್ಟಿದ್ದು 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ. ಕರ್ನಲ್ ಬೇಯ್ಲಿ ಎಂಬುವನು ಮೂರೂಮುಕ್ಕಾಲು ಸಾವಿರದಷ್ಟು ಜನರೊಂದಿಗೆ ಕಾಂಚೀಪುರದಲ್ಲಿದ್ದ ಜನರಲ್ ಮನ್ರೋನನ್ನು ಸೇರಿಕೊಳ್ಳಲು ಹೊರಟಿದ್ದ. ಟಿಪ್ಪು ದಾರಿಯಲ್ಲೇ ಅಡ್ಡಗಟ್ಟಿ ತಡ ಮಾಡಿಸಿದ. ಅಷ್ಟರಲ್ಲಿ ಹೈದರನ ದೊಡ್ಡ ದಂಡು ಬಂದು ಸುತ್ತುವರಿಯಿತು.

ಬೇಯ್ಲಿಯ ಜನ ಚೌಕಾಕಾರ ಕಟ್ಟಿ ನಿಂತರು. ಸುತ್ತ ಫಿರಂಗಿ, ಮೇಲೆ ಬಾಣದ ಮಳೆ. ಮದ್ದಿನ ಗಾಡಿಗಳಿಗೆ ಬೆಂಕಿ ಬಿದ್ದು ಸ್ಫೋಟವಾಯಿತು. ಮದ್ದು ಹೋಯಿತೆಂದರೆ ಮಸ್ಕೆಟ್ ಇದ್ದೇನು ಪ್ರಯೋಜನ? ಪಡೆ ಪುಡಿಪುಡಿ. ಬೇಯ್ಲಿ ಸೆರೆ ಸಿಕ್ಕ. ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನು ಕಾಂಚೀಪುರದ ಕೊಳಕ್ಕೆ ತಳ್ಳಿ ಮದರಾಸಿಗೆ ಓಡಿದ. ಭಾರತದಲ್ಲಿ ಇಂಗ್ಲಿಷರು ಅಲ್ಲಿಯವರೆಗೆ ಅಂಥ ಸೋಲು ಕಂಡಿರಲಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಇವತ್ತಿಗೂ ಇದೆ.

ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಒಬ್ಬ. ಶ್ರೀರಂಗಪಟ್ಟಣದ ಜೈಲಿನಲ್ಲಿ ಮೂರೂವರೆ ವರ್ಷದ ಮೇಲೆ ಕೊಳೆತ. ಈ ಹೆಸರೂ ಮುಂದೆ ಬರುತ್ತದೆ.

1782ರ ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಬಳಿ ಪಾಳೆಯದಲ್ಲೇ ಸತ್ತ. ಟಿಪ್ಪು ಪಟ್ಟಕ್ಕೆ ಬಂದು ಯುದ್ಧ ಮುಂದುವರಿಸಿ 1784ರ ಮಾರ್ಚಿನಲ್ಲಿ ಮಂಗಳೂರು ಕರಾರು ಮಾಡಿಸಿದ. ಮಂಗಳೂರಿನ ಕ್ರೈಸ್ತರನ್ನು ಸಾವಿರಗಟ್ಟಲೆ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದೂ ಆ ಕಾಲದಲ್ಲೇ. ಕೊಡಗಿನಲ್ಲಿ, ಮಲಬಾರಿನಲ್ಲಿ ಅವನ ಹೆಸರೆತ್ತಿದರೆ ಇಂದಿಗೂ ಸಿಟ್ಟಾಗುವವರಿದ್ದಾರೆ, ಮೇಲುಕೋಟೆಯಲ್ಲಿ ಕಹಿ ನೆನಪಿದೆ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿದಾಗ ಗಲಾಟೆ, 2019ರಲ್ಲಿ ಇನ್ನೊಂದು ಸರ್ಕಾರ ರದ್ದು ಮಾಡಿದಾಗಲೂ ಗಲಾಟೆ. ಅವನನ್ನು ಹೊಗಳುವವರೂ ತೆಗಳುವವರೂ ಒಪ್ಪುವ ಮಾತು ಒಂದೇ. ಕುಂಪಣಿಗೆ ಅವನಷ್ಟು ಕಾಟ ಕೊಟ್ಟವರು ದಕ್ಷಿಣದಲ್ಲಿ ಅಪ್ಪನನ್ನು ಬಿಟ್ಟರೆ ಮತ್ತೊಬ್ಬರಿಲ್ಲ.

ಬೆಂಗಳೂರಿಗೆ ಬಂತು ಬೆಂಕಿ

1789ರ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದು ಪೆಟ್ಟು ತಿಂದ. ಅದೇ ನೆಪವಾಗಿ ಕುಂಪಣಿ ಯುದ್ಧ ಸಾರಿತು. ಈ ಸಲ ಅದು ಒಂಟಿಯಲ್ಲ. ಹೈದರಾಬಾದಿನ ನಿಜಾಮ ಒಂದು ಕಡೆ, ಪೂನಾದ ಮರಾಠರು ಇನ್ನೊಂದು ಕಡೆ. ಮುಂದಾಳು ಕಾರ್ನ್‌ವಾಲಿಸ್. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿ ಮುಖಭಂಗ ಅನುಭವಿಸಿದ್ದ ಮನುಷ್ಯ. ಇಲ್ಲಿಯೂ ಸೋತರೆ ತಲೆಯೆತ್ತುವ ಹಾಗಿರಲಿಲ್ಲ.

ಅವನು ಮುಗಳಿ ಕಣಿವೆ ಹತ್ತಿ 1791ರ ಮಾರ್ಚ್ 5ರಂದು ಬೆಂಗಳೂರಿನ ಮುಂದೆ ಬಂದಿಳಿದ. ಪೇಟೆಯ ಸುತ್ತ ಮುಳ್ಳಿನ ಬೇಲಿ, ಕಂದಕ. ಮಾರ್ಚ್ 7ರಂದು ಹಲಸೂರು ಬಾಗಿಲು ಒಡೆದು ಒಳನುಗ್ಗಿದರು. ಬಾಗಿಲಲ್ಲೇ ಕರ್ನಲ್ ಮೂರ್‌ಹೌಸ್ ಎಂಬ ಅವರ ದೊಡ್ಡ ಅಧಿಕಾರಿ ಗುಂಡೇಟಿಗೆ ಬಿದ್ದ. ಟಿಪ್ಪು ಕಮರುದ್ದೀನ್ ಖಾನನ ಕೈಕೆಳಗೆ ಸಾವಿರಾರು ಜನ ಕಳಿಸಿ ಪೇಟೆ ವಾಪಸ್ ಹಿಡಿಯಲು ನೋಡಿದ. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಬಾಣ ಹಾರಿಸುವುದೆಲ್ಲಿ, ಕುದುರೆ ಓಡಿಸುವುದೆಲ್ಲಿ? ಬಯೋನೆಟ್ ಹಿಡಿದವನದೇ ಮೇಲುಗೈಯಾಯಿತು.

ಆಮೇಲೆ ಕಲ್ಲಿನ ಕೋಟೆಯ ಸರದಿ. ಹೈದರ್ ಕಟ್ಟಿಸಿದ ಗಟ್ಟಿ ಕೋಟೆ. ಕಿಲ್ಲೇದಾರ ಬಹಾದುರ್ ಖಾನ್ ಎಂಬ ಮುದುಕ. ದೊಡ್ಡ ಫಿರಂಗಿಗಳು ಎರಡು ವಾರ ಬಿಡದೆ ಬಡಿದು ಗೋಡೆಯಲ್ಲಿ ಕಂಡಿ ಮಾಡಿದವು. ಮಾರ್ಚ್ 21ರ ರಾತ್ರಿ, ಬೆಳದಿಂಗಳಲ್ಲಿ, ಲಗ್ಗೆ. ಬಹಾದುರ್ ಖಾನ್ ಓಡಲಿಲ್ಲ, ಕತ್ತಿ ಹಿಡಿದೇ ಸತ್ತ. ಟಿಪ್ಪುವಿನ ದಂಡು ಹತ್ತಿರದಲ್ಲೇ ಇದ್ದರೂ ಸಮಯಕ್ಕೆ ಒದಗಲಿಲ್ಲ. ಕೃಷ್ಣರಾಜೇಂದ್ರ ರಸ್ತೆಯಲ್ಲಿ ಉಳಿದಿರುವ ಕೋಟೆಯ ಗೋಡೆಯಲ್ಲಿ ಕಂಡಿ ಬಿದ್ದ ಜಾಗಕ್ಕೆ ಇಂಗ್ಲಿಷರು ಹಾಕಿಸಿದ ಕಲ್ಲು ಇದೆ. ಮಾರ್ಕೆಟ್ಟಿಗೆ ಹೋಗುವ ಸಾವಿರಾರು ಜನ ದಿನಾ ಅದರ ಮುಂದೆಯೇ ಹಾದು ಹೋಗುತ್ತಾರೆ.

ಕೆಂಗೇರಿಯ ಪಾಲಿಗೆ ಬಂದದ್ದು

ಬೆಂಗಳೂರು ಕೋಟೆಯಿಂದ ಕೆಂಗೇರಿಗೆ ಸುಮಾರು ಒಂಬತ್ತು ಮೈಲಿ. ಶ್ರೀರಂಗಪಟ್ಟಣಕ್ಕೆ ಹೋಗುವ ನೇರ ದಾರಿ. ಬೆಂಗಳೂರಿನಂಥ ಕೋಟೆಯೇ ಎರಡು ವಾರ ತಾಳದ ಮೇಲೆ ಕೆಂಗೇರಿಯ ಕೋಟೆ ಎರಡು ದಿನ ತಾಳೀತೇ? ಶತ್ರು ಹಿಡಿದರೆ ದವಸ, ಮದ್ದು ಕೂಡಿಡಲು ಅವನಿಗೆ ಒಳ್ಳೆ ಉಗ್ರಾಣವಾಗುತ್ತದೆ. ಆದ್ದರಿಂದ ಕೆಡವಿಸಿದ. ಶ್ರೀರಂಗಪಟ್ಟಣದ ಹೆದ್ದಾರಿಯುದ್ದಕ್ಕೂ ಹುಲ್ಲು, ಕಾಳು ಏನೂ ಸಿಗದ ಹಾಗೆ ಸುಡಿಸಿದ.

ಯುದ್ಧದ ಲೆಕ್ಕದಲ್ಲಿ ಇದು ಸರಿ. ಊರಿನ ಲೆಕ್ಕದಲ್ಲಿ? ಬಣವೆ ಸುಟ್ಟುಕೊಂಡ ರೈತ ಯಾರನ್ನು ಕೇಳಬೇಕು? ಶತ್ರು ಬಂದರೂ ಲೂಟಿ, ದೊರೆ ಬಂದರೂ ಬೆಂಕಿ. ಪುಸ್ತಕದಲ್ಲಿ ಕಾರ್ನ್‌ವಾಲಿಸನ ಹೆಸರಿದೆ, ಟಿಪ್ಪುವಿನ ಹೆಸರಿದೆ. ಈ ದಾರಿಯಲ್ಲಿ ಮನೆ ಬಿಟ್ಟು ಹೋದವರ ಹೆಸರು ಒಂದೂ ಇಲ್ಲ.

ತಂತ್ರ ಫಲಿಸಿತು ಎನ್ನುವುದೂ ನಿಜ. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ನೇರ ದಾರಿ ಬಿಟ್ಟು ಈಗಿನ ಕನಕಪುರದ ಕಡೆಯಿಂದ ಬಳಸಿಕೊಂಡು ಹೋದ. 15ರಂದು ಅರಕೆರೆಯಲ್ಲಿ ಕಾಳಗ ಗೆದ್ದ. ಶ್ರೀರಂಗಪಟ್ಟಣ ಕಣ್ಣಿಗೆ ಕಾಣುತ್ತಿತ್ತು. ಆದರೆ ಹೊಟ್ಟೆಗೆ ಇಲ್ಲ. ಮಳೆ ಹಿಡಿಯಿತು, ರೋಗ ಬಂತು, ಎತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯುವ ಎತ್ತಿಲ್ಲದ ಮೇಲೆ ಕೋಟೆ ಒಡೆಯುವ ಫಿರಂಗಿ ತಗೊಂಡು ಏನು ಮಾಡುವುದು? ತನ್ನ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಕಾರ್ನ್‌ವಾಲಿಸ್ ಬೆಂಗಳೂರಿಗೆ ವಾಪಸಾದ. ಅಂಗಡಿ ಇಟ್ಟವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಮಾಲು ಎಷ್ಟೇ ಚೆನ್ನಾಗಿರಲಿ, ಲಾರಿ ಬರದಿದ್ದರೆ ವ್ಯಾಪಾರ ನಿಂತ ಹಾಗೇ.

ಎತ್ತಿನ ಬೆಲೆ ಟಿಪ್ಪುವಿಗೆ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಅಂತ ಹೆಸರಿಟ್ಟು ಬೆಳೆಸಿದವನು ಅವನೇ. ಕಾರ್ನ್‌ವಾಲಿಸನೂ ಪಾಠ ಕಲಿತ. ಮುಂದಿನ ಸಲ ಬರುವ ಮುಂಚೆ ದವಸ, ಎತ್ತು ಒಟ್ಟು ಮಾಡಿಕೊಂಡ. ಬೆನ್ನಿಗೆ ಮುಳ್ಳಾಗಿದ್ದ ನಂದಿದುರ್ಗವನ್ನು ಅಕ್ಟೋಬರಿನಲ್ಲಿ ಹಿಡಿದ. ಹತ್ತಲಾರದ ಕಲ್ಲುಗುಡ್ಡ ಎನಿಸಿಕೊಂಡಿದ್ದ ಮಾಗಡಿ ಬಳಿಯ ಸಾವನದುರ್ಗವನ್ನೂ ಡಿಸೆಂಬರ್ 21ರಂದು ಹಿಡಿದ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಪಾಳೆಯದ ಮೇಲೆ ಬಿದ್ದ.

ಟಿಪ್ಪು ಮಣಿದ. ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದು ತೀರುವವರೆಗೆ ಇಬ್ಬರು ಎಳೆ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಇಂಗ್ಲಿಷರ ಒತ್ತೆ. 1794ರಲ್ಲಿ ಮಕ್ಕಳು ವಾಪಸು ಬಂದರು.

ತಪ್ಪಿದ್ದೆಲ್ಲಿ?

ಕೋವಿಯಲ್ಲಿ ಟಿಪ್ಪು ಕಡಮೆ ಇರಲಿಲ್ಲ. ಬಾಣದಲ್ಲಿ ಮೇಲೆಯೇ ಇದ್ದ. ತಪ್ಪಿದ್ದು ಬೇರೆ ಕಡೆ. ಹೈದರನ ಜೀವಾಳ ಕುದುರೆ. ಶತ್ರು ಒಂದು ಕಡೆ ಹುಡುಕುತ್ತಿದ್ದರೆ ಅವನು ಇನ್ನೊಂದು ಕಡೆ ಹೊಡೆಯುತ್ತಿದ್ದ. ಟಿಪ್ಪು ಕಾಲಾಳು, ಫಿರಂಗಿ, ಕೋಟೆಗೆ ಹೆಚ್ಚು ದುಡ್ಡು ಹಾಕಿ ಕುದುರೆಯನ್ನು ಕಡಮೆ ಮಾಡಿದ. ಇಂಗ್ಲಿಷರ ಆಟವನ್ನೇ ಇಂಗ್ಲಿಷರ ಮುಂದೆ ಆಡಿದ ಹಾಗಾಯಿತು. ಎದುರಾಳಿಗೋ ಸಮುದ್ರದ ಮೇಲೆ ಹಡಗು, ಬಂಗಾಳದಿಂದ ಹಣ, ಅಕ್ಕಪಕ್ಕದ ರಾಜರ ನೆರವು. ಟಿಪ್ಪು ಇಸ್ತಾಂಬುಲಿಗೆ, ಪ್ಯಾರಿಸ್ಸಿಗೆ ರಾಯಭಾರಿಗಳನ್ನು ಕಳಿಸಿದ. ಅವನ ಕಷ್ಟಕ್ಕೆ ದಂಡು ಕಟ್ಟಿಕೊಂಡು ಯಾರೂ ಬರಲಿಲ್ಲ. ಪಕ್ಕದ ಮನೆಯವರ ಜೊತೆಯೆಲ್ಲ ಜಗಳ, ದೂರದ ನೆಂಟರ ಮೇಲೆ ಭರವಸೆ.

ಕೋಟೆಗಳ ಬಗ್ಗೆ ಅವನಿಗೇ ನಂಬಿಕೆ ಹೋಯಿತು. ಕರಾರಿನ ಮೇಲೆ ಬೆಂಗಳೂರು ವಾಪಸು ಸಿಕ್ಕಾಗ ಕೆಂಗೇರಿಗೆ ಮಾಡಿದ್ದನ್ನೇ ಅಲ್ಲಿಗೂ ಮಾಡಿ ಅಪ್ಪ ಕಟ್ಟಿಸಿದ ಕೋಟೆಯನ್ನು ಹಾಳುಗೆಡವಿದ. ಅದನ್ನು ಮತ್ತೆ ರಿಪೇರಿ ಮಾಡಿಸಿದ್ದು ದಿವಾನ್ ಪೂರ್ಣಯ್ಯ. ಉಳಿದೆಲ್ಲ ನಂಬಿಕೆ ಶ್ರೀರಂಗಪಟ್ಟಣವೊಂದರ ಮೇಲೆಯೇ.

ಕೊನೆಯ ದಿನ

1799ರಲ್ಲಿ ಜನರಲ್ ಹ್ಯಾರಿಸ್ ಬಂದ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸೋತ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿದ ವೆಲ್ಲೆಸ್ಲಿ ಕತ್ತಲಲ್ಲಿ ದಾರಿ ತಪ್ಪಿ, ಬಾಣ ಗುಂಡುಗಳ ಮಧ್ಯೆ ಸಿಕ್ಕಿ ಹಿಂದೆ ಓಡಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ! ಜೀವಮಾನದಲ್ಲಿ ಆ ರಾತ್ರಿಯನ್ನು ಅವನು ಮರೆಯಲಿಲ್ಲ.

ಆದರೆ ಮುತ್ತಿಗೆ ಬಿಗಿಯಾಯಿತು. ಮೇ 2ರಂದು ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ಬಾಣದ ಉಗ್ರಾಣಕ್ಕೇ ಬಿದ್ದು ಭಾರಿ ಸ್ಫೋಟವಾಯಿತು. ಪೊಳ್ಳಿಲೂರಿನಲ್ಲಿ ಬೇಯ್ಲಿಗೆ ಆದದ್ದು ಹತ್ತೊಂಬತ್ತು ವರ್ಷದ ಮೇಲೆ ಟಿಪ್ಪುವಿಗೆ ಆಯಿತು. ಮೇ 4ರ ನಡು ಮಧ್ಯಾಹ್ನ, ಬಿಸಿಲು ಸುಡುವ ಹೊತ್ತಿನಲ್ಲಿ, ಕಾವೇರಿ ದಾಟಿ ಲಗ್ಗೆ ಹತ್ತಿದರು. ಮುಂದೆ ಕತ್ತಿ ಹಿಡಿದು ನಡೆಸಿದವನು ಅದೇ ಊರಿನ ಜೈಲಿನಲ್ಲಿ ಕೊಳೆತಿದ್ದ ಡೇವಿಡ್ ಬೇರ್ಡ್. ದಿವಾನ ಮೀರ್ ಸಾದಿಕ್ ದ್ರೋಹ ಮಾಡಿ ಕಾವಲು ಸಡಿಲಿಸಿದ ಎಂಬುದು ಜನಜನಿತ.

ಟಿಪ್ಪು ಊಟಕ್ಕೆ ಕೂತಿದ್ದವನು ಎದ್ದು ಬಂದ. ಕಂಡಿಯ ಹತ್ತಿರ ನಿಂತು ಸಾಮಾನ್ಯ ಸಿಪಾಯಿಯ ಹಾಗೆ ಕೋವಿ ಹಾರಿಸಿದ. ಗಾಯದ ಮೇಲೆ ಗಾಯ. ಓಡಿ ಹೋಗಲು ನೋಡಲಿಲ್ಲ. ಸಂಜೆಗೆ ಹೆಣಗಳ ರಾಶಿಯ ನಡುವೆ ದೀವಟಿಗೆ ಹಿಡಿದು ಹುಡುಕಿ ಅವನನ್ನು ಗುರುತಿಸಿದರು. ವಯಸ್ಸು 48. ಮರುದಿನ ಗಂಜಾಂನ ಗುಂಬಜಿನಲ್ಲಿ ಅಪ್ಪ ಅಮ್ಮನ ಪಕ್ಕ ಮಣ್ಣು ಮಾಡುವಾಗ ಗುಡುಗು ಸಿಡಿಲಿನ ಮಳೆ.

ಬಾಣ ಹೋಯಿತು ಲಂಡನ್ನಿಗೆ

ಕೋಟೆಯಲ್ಲಿ ಗೆದ್ದವರಿಗೆ ಸಿಕ್ಕಿದ್ದು 900ಕ್ಕೂ ಮೇಲ್ಪಟ್ಟು ಫಿರಂಗಿ, ಹಾರಿಸಲು ಸಿದ್ಧವಿದ್ದ 700 ಬಾಣ, ಮದ್ದು ತುಂಬಬೇಕಾಗಿದ್ದ 9000 ಖಾಲಿ ಕೊಳವೆ. ಕೆಲವು ಬಾಣಗಳು ಲಂಡನ್ ಹತ್ತಿರದ ವೂಲಿಚ್ ಮದ್ದುಗುಂಡಿನ ಕಾರ್ಖಾನೆಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬುವನು 1804ರಿಂದ ಈಚೆಗೆ ಅವನ್ನು ತಿದ್ದಿ ತೀಡಿ ತನ್ನ ಹೆಸರಿನ ರಾಕೆಟ್ ಮಾಡಿದ. 1807ರಲ್ಲಿ ಅದು ಕೋಪನ್‌ಹೇಗನ್ ಸುಟ್ಟಿತು, 1814ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮೇಲೆ ಬಿತ್ತು. ಅಮೆರಿಕನ್ನರ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಪ್ರಸ್ತಾಪ ಬರುವುದು ಅದರಿಂದಲೇ. ಮೈಸೂರಿನ ಕಮ್ಮಾರನ ಸುತ್ತಿಗೆಯ ಸದ್ದು ಅಲ್ಲಿಯವರೆಗೂ ಕೇಳಿತು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹಳೇ ಬಿದನೂರಿನಲ್ಲಿ, ಹಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕಿದವು. ಇನ್ನೂರು ವರ್ಷ ಕೆಸರಿನಲ್ಲಿದ್ದರೂ ಆಕಾರ ಕೆಟ್ಟಿರಲಿಲ್ಲ. ಶ್ರೀರಂಗಪಟ್ಟಣದ ಮದ್ದಿನ ಮನೆಯೊಂದು ಮೈಸೂರು ಜೋಡಿ ರೈಲು ಮಾರ್ಗಕ್ಕೆ ಅಡ್ಡ ಬಂದಾಗ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ಕೆಂಗೇರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗುವವರು ಆ ಹಳಿಯ ಮೇಲೇ ಹೋಗುವುದು.

ಅಷ್ಟು ದೊಡ್ಡ ಮದ್ದಿನ ಮನೆಯನ್ನು ಎತ್ತಿಡಲು ದಾರಿಯಿತ್ತು. ಕೆಂಗೇರಿ ಕೋಟೆಗೆ ಆ ಭಾಗ್ಯವಿರಲಿಲ್ಲ. ಅದು ಬಿದ್ದ ಮೇಲೆ ಊರು ಬೇರೆ ದಾರಿ ಹಿಡಿಯಿತು. 1866ರಲ್ಲಿ ಡಿ ವೆಕ್ಕಿ ಎಂಬ ಇಟಲಿಯವನು ಇಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಹಾಕಿದ. ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಸಲು ಪಟ್ಟು ಹಿಡಿದಿದ್ದವನೂ ಟಿಪ್ಪುವೇ. ಆಮೇಲೆ ರೈಲು ಬಂತು, ಉಪನಗರ ಬಂತು, 2021ರಲ್ಲಿ ಮೆಟ್ರೋ ಬಂತು. ಮೈಸೂರು ರಸ್ತೆ ಮಾತ್ರ ಅದೇ. ಕಾರ್ನ್‌ವಾಲಿಸ್ ಹಿಡಿಯಬಾರದೆಂದು ದೊರೆ ಸುಡಿಸಿದ ದಾರಿಯಲ್ಲಿ ಇವತ್ತು ಸಂಜೆ ಆರಕ್ಕೆ ಬಸ್ಸು ಹತ್ತಿದವರು ಮನೆ ಸೇರಲು ಪರದಾಡುತ್ತಾರೆ. ಕೋಟೆ ಎಲ್ಲಿತ್ತು ಅಂತ ತೋರಿಸುವ ಒಂದು ಹಲಗೆಯನ್ನಾದರೂ ಆ ದಾರಿಯಲ್ಲಿ ನೆಟ್ಟರೆ, ಕಾಯುವ ಹೊತ್ತಿನಲ್ಲಿ ಓದುವುದಕ್ಕಾದರೂ ಆದೀತು.